ಮರುನಮಸ್ಕಾರ

ಕರಿ ಅಂಗಿಯ ಕತ್ತಿನ ಗುಂಡಿ ಹಾಕುವುದೋ ಬಿಡುವುದೋ ಎಂಬಲ್ಲಿಗೇ ಸುಲುವಾನಳ ಬೆಳಿಗ್ಗೆ ನಿಂತುಬಿಟ್ಟಿತ್ತು. ಹಾಕಿದರೆ ಗಂಟಲು ಹಿಸುಕಿದಂತಾಗುತ್ತದೆ. ಬಿಟ್ಟರೆ ಸಾವಿನ ಮನೆಗೆ ಹೆಂಗೆ ಬಂದಿದಾಳೆ ನೋಡ್ರೇ ಎಂದು ಹೆಂಗಸರು ಆಡಿಕೊಳ್ಳುತ್ತಾರೆ. ಕನ್ನಡಿಯಲ್ಲಿ ತನ್ನ ಮುಖವನ್ನು ತನ್ನ ಕಣ್ಣಿಂದಲೇ ನೋಡಿಕೊಂಡು ಎಷ್ಟು ಕಾಲವಾಯಿತೋ, ಈಗೆಲ್ಲ ಯಾವುದಾದರೂ ಬೀದಿಯವರ ಕಣ್ಣು ಸಾಲ ತಂದೇ ನೋಡಿಕೊಳ್ಳಬೇಕು. ಪ್ರೇತಗಳ ತಿಂಗಳು ಮುಗಿದು ಇವತ್ತೇ ಮೊದಲ ಒಳ್ಳೆಯ ದಿನ. ಆ ತಿಂಗಳಿಡೀ ಕಾಂಗ್‌ಬೆ ಊರಿನಲ್ಲಿ ಯಾರೂ ಶವ ಎತ್ತುವ ಮಾತಾಡುವುದಿಲ್ಲ. ಸತ್ತವರು ಐಸಿನ ಪೆಟ್ಟಿಗೆಯಲ್ಲಿ ಕಾಯುತ್ತಾರೆ, ತಿಂಗಳು ದಾಟಿದ್ದೇ ಊರ ತುಂಬ ಒಟ್ಟಿಗೇ ಸಾವಿನ ಚಪ್ಪರಗಳು ಏಳುತ್ತವೆ. ಪಟ್ಟಣ ಸಭೆಯ ಮೆಂಬರಾದವಳು ಎಲ್ಲ ಚಪ್ಪರಕ್ಕೂ ಹೋಗಿ ಬಗ್ಗಿ ನಮಸ್ಕರಿಸಲೇಬೇಕು. ಚರಂಡಿ ಕಟ್ಟಿಸಿದ್ದನ್ನು ಜನ ಮರೆಯುತ್ತಾರೆ, ಅಪ್ಪನ ಸಾವಿಗೆ ಬರಲಿಲ್ಲ ಎಂಬುದನ್ನು ಮರೆಯುವುದಿಲ್ಲ. ಬೇರೆ ಸಾವುಗಳ ಬಗ್ಗೆ ಅವಳಿಗೆ ಯಾವ ದಿಗಿಲೂ ಇರಲಿಲ್ಲ. ದಿಗಿಲಿದ್ದದ್ದು ವೆಂಗ್ ಕುನ್‌ಶಾನನ ಚಪ್ಪರದ್ದು.

"ಅಲ್ಲಿಗೆ ನೀನು ಹೋಗ್ಬೇಡ," ಎಂದ ಗಂಡ ಮಾವ್‌ಲಿನ್, ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ. "ಸಂತಾಪದ ಬಟ್ಟೆ ಪಟ ಬರ್ಸಿ ಕಳ್ಸಿದೀವಿ, ಸಾಕು. ಮುಂದಿನ ವಾರ ನಾಮಪತ್ರ ಹಾಕೋಳು, ಈಗ್ಲೇ ಹೋಗಿ ಮುಖಕ್ಕೆ ಉಗಿಸ್ಕೊಂಡು ಬರ್ತೀಯಾ?"

"ಹೋಗ್ದೇ ಇದ್ರೆ ಉಗಿಯೋದು ತಪ್ಪುತ್ತಾ? ಬೆನ್ನಿಗೆ ಉಗೀತಾರೆ ಅಷ್ಟೇ."

"ನಾನ್ ಹೋಗ್ಬರ್ತೀನಿ ಬಿಡು, ನಿನ್ ಪರವಾಗಿ."

ನಿನ್ನ ಪರವಾಗಿ. ಈ ನಾಲ್ಕು ವರ್ಷ ಅವನು ಅವಳ ಪರವಾಗಿ ಮಾಡದೆ ಬಿಟ್ಟ ಕೆಲಸವೇ ಇರಲಿಲ್ಲ. ಅವಳ ಪರವಾಗಿ ಮೀನುಗಾರರ ಸಂಘದಲ್ಲಿ ಮಾತಾಡಿದ, ಅವಳ ಪರವಾಗಿ ಮದುವೆಗಳಲ್ಲಿ ಲೋಟ ಎತ್ತಿದ, ಅವಳ ಪರವಾಗಿ ಮುನಿಸಿಕೊಂಡ. ಜನ ಫೋನು ಮಾಡಿ 'ಮೆಂಬರು ಇದಾರಾ' ಎಂದರೆ 'ಹೇಳಿ' ಎಂದು ತಾನೇ ಶುರು ಮಾಡುತ್ತಿದ್ದ. ಮೊದಲಿಗೆ ಚುನಾವಣೆಗೆ ನಿಲ್ಲಬೇಕಾಗಿದ್ದವನು ಅವನೇ. ಬೆಳಗಿನ ತಿಂಡಿಯಂಗಡಿಯಲ್ಲಿ ಅವಳು ಹೆಂಚಿನ ಮೇಲೆ ಮೊಟ್ಟೆ ಸುತ್ತಿದ ರೊಟ್ಟಿ ಮಗುಚುತ್ತಿದ್ದಾಗ ಮಾವ ಬಂದು ಒಲೆಯ ಮುಂದೆ ನಿಂತು, ಹವಾಮಾನ ಹೇಳುವವರ ಥರ ಹೇಳಿದ್ದ: ನಮ್ಮ ಭಾಗಕ್ಕೆ ಐದು ಸ್ಥಾನ, ಅದರಲ್ಲಿ ಒಬ್ಬಳಾದರೂ ಹೆಂಗಸು ಇರಲೇಬೇಕು ಅಂತ ಕಾನೂನು, ಐದರೊಳಗೆ ಹೆಂಗಸು ಬರದೇ ಇದ್ದರೆ ಹೆಂಗಸರ ಪೈಕಿ ಯಾವಳಿಗೆ ಜಾಸ್ತಿ ಓಟೋ ಅವಳು ಐದನೆಯವನ ಕುರ್ಚಿಗೆ ಕೂರುತ್ತಾಳೆ, ಮಾವ್‌ಲಿನ್ ನಿಂತರೆ ಬೆವರು ಸುರಿಸಬೇಕು, ನೀನು ನಿಂತರೆ ಸಾಕು. ನೀನು ನಿಂತರೆ ಸಾಕು! ರೊಟ್ಟಿ ಸೀದು ಹೋಗಿತ್ತು, ಗಿರಾಕಿಗೆ ಬೇರೆ ಮಾಡಿಕೊಟ್ಟಳು. ಎಣಿಕೆ ಮುಗಿದಾಗ ಅವಳು ಏಳನೆಯವಳು. ಐದನೆಯವನು ಕುನ್‌ಶಾನ್, ಅವಳು ಸೊಸೆಯಾಗಿ ಊರಿಗೆ ಬಂದಾಗಿನಿಂದ ಅದೇ ಕುರ್ಚಿಯಲ್ಲಿ ಕೂತಿದ್ದವನು. ಅವನ ಮನೆ ಮುಂದೆ ಆಗಲೇ ಪಟಾಕಿ ಹೊಡೆದು, ಹಂದಿ ಕಾಲು ಬೇಯಿಸಿ ಶಾವಿಗೆಗೆ ಹಾಕಿ ಗಲ್ಲಿಯವರಿಗೆಲ್ಲ ಬಡಿಸುತ್ತಿದ್ದರಂತೆ. ಬಟ್ಟಲು ಜನರ ಕೈಯಲ್ಲಿರುವಾಗಲೇ ಕುರ್ಚಿ ಅವಳಿಗೆ ಹೋಯಿತೆಂಬ ಸುದ್ದಿ ಬಂತಂತೆ. ಎಲ್ಲರೂ ಪೂರ್ತಿ ತಿಂದು ಮುಗಿಸಿ ಎದ್ದು ಹೋದರಂತೆ.

ಅವಳು ಗುಂಡಿ ಹಾಕಿಕೊಂಡಳು. ಸ್ಕೂಟರಿನ ಕೀ ತೆಗೆದುಕೊಳ್ಳುವಾಗ ಫೋನು ಬಂತು, ಕುನ್‌ಶಾನನ ಬೀದಿಯ ಮುಖ್ಯಸ್ಥ ಅಹೋಕ್‌ನದು. ಅವನು ಎರಡೂ ಕಡೆ ಕಾಲಿಟ್ಟವನು, ಅದಕ್ಕೇ ಅವನ ಮಾತು ನಂಬಬಹುದು. "ನೋಡಿ ಮೆಂಬರಮ್ಮ, ಬಿಡಿಸಿ ಹೇಳ್ತೀನಿ. ನೀವು ಹೋಗಿ ಬಗ್ತೀರಿ. ಸಾವಿನ ಮನೆಯೋರು ತಿರುಗಿ ಬಗ್ಗಬೇಕು, ಅದು ಮರ್ಯಾದೆ. ಮಗ ಬಗ್ತಾನೆ, ಅವನ್ದು ಲೆಕ್ಕಕ್ಕಿಲ್ಲ. ಕುನ್‌ಶಾನಣ್ಣನ ಹೆಂಡ್ತಿ ಚಿನ್‌ಚಿ ಅತ್ತಿಗೆ ಬಗ್ಗಿದ್ರು ಅಂದ್ರೆ ಗಲ್ಲಿಯೆಲ್ಲ ನಿಮ್ದು, ಮುಗೀತು ಆ ಹಳೇ ಕತೆ. ಆಯಮ್ಮ ಹಂಗೇ ನಿಂತ್ಕೊಂಡ್ರು ಅಂದ್ರೆ ಪೋಸ್ಟರು ಮಾಡ್ಸಕ್ಕೆ ಹೋಗ್ಬೇಡಿ, ದಂಡ."

ಸ್ಕೂಟರು ಸಮುದ್ರದ ಕಡೆಯ ರಸ್ತೆ ಹಿಡಿಯಿತು. ಎರಡೂ ಪಕ್ಕ ಸಿಂಪಿ ಚಿಪ್ಪಿನ ಗುಡ್ಡೆಗಳು, ಬಿಸಿಲಿಗೆ ನಾತ ಆಗಲೇ ಎದ್ದಿತ್ತು. ಈ ಗುಡ್ಡೆಗಳನ್ನು ತೆಗೆಸುತ್ತೇನೆಂದು ಅವಳು ಮಾತು ಕೊಟ್ಟಿದ್ದಳು, ಅರ್ಧ ತೆಗೆಸಿಯೂ ಇದ್ದಳು. ತೆಗೆದ ಜಾಗದಲ್ಲಿ ಹೊಸ ಗುಡ್ಡೆ ಬಂದಿತ್ತು. ಹಿರಿಯರನ್ನು ಚಿಕಿತ್ಸಾಲಯಕ್ಕೆ ಒಯ್ಯುವ ವ್ಯಾನು ಅವಳು ತಂದದ್ದು, ಶಾಲೆಯ ಹಿಂದಿನ ದೀಪಗಳು ಅವಳವು. ಒಂದು ಸಭೆಯಲ್ಲಿ ಗಂಡನನ್ನು ಹೊರಗೆ ಕೂರಿಸಿ ತಾನೇ ಎದ್ದು ನಿಂತು ಒಂದು ಗಂಟೆ ವಾದಿಸಿ ಆ ದೀಪಗಳನ್ನು ತಂದಿದ್ದಳು, ಅವತ್ತು ಮನೆಗೆ ಬಂದು ಬಚ್ಚಲಲ್ಲಿ ಒಬ್ಬಳೇ ನಕ್ಕಿದ್ದಳು. ಇಷ್ಟಾದರೂ ಮೀನು ಮಾರ್ಕೆಟ್ಟಿನಲ್ಲಿ ಅವಳ ಹೆಸರು ಒಂದೇ, ಎಂಜಲು ಸೀಟಿನವಳು. ಚಿನ್‌ಚಿಯೇ ಇಟ್ಟದ್ದು ಆ ಹೆಸರು. ಕುನ್‌ಶಾನನ ಲಿವರು ಕೆಟ್ಟಾಗಲೂ, "ಕುಡಿದು ಕೆಟ್ಟಿದ್ದಲ್ಲ, ಕುರ್ಚಿ ಹೋಗಿ ಕೆಟ್ಟಿದ್ದು," ಎಂದು ಆಕೆ ತಕ್ಕಡಿಯ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದಳಂತೆ. ಸುಲುವಾನಳಿಗೆ ಅದನ್ನು ತಂದು ಮುಟ್ಟಿಸಿದವರು ಐದಾರು ಜನ, ಎಲ್ಲರೂ ಅವಳ ಹಿತ ಬಯಸುವವರೇ.

ದೇವಸ್ಥಾನದ ಮೂಲೆ ಬಂದಾಗ ಅವಳ ಕೈ ತಾನಾಗಿ ಬ್ರೇಕು ಹಿಡಿಯಿತು. ಇಲ್ಲೇ. ಎಣಿಕೆಯ ಮಾರನೆಯ ದಿನ ಗೆದ್ದವರೂ ಸೋತವರೂ ಎದೆಗೆ ಹೆಸರಿನ ಪಟ್ಟಿ ಹಾಕಿಕೊಂಡು ತೆರೆದ ಲಾರಿಯ ಮೇಲೆ ನಿಂತು ಬೀದಿ ಬೀದಿ ಸುತ್ತಿ ಜನರಿಗೆ ಕೈ ಜೋಡಿಸಬೇಕು, ಅದು ಇಲ್ಲಿಯ ಪದ್ಧತಿ. ಸೋತವನ ಗಲ್ಲಿಗೆ ಗೆದ್ದವನ ಲಾರಿ ಹೋಗಬಾರದು, ಅದೂ ಪದ್ಧತಿಯೇ. ಯಾರೂ ಬರೆದಿಟ್ಟಿಲ್ಲ, ಹಸುಗೂಸಿಗೂ ಗೊತ್ತು. ಡ್ರೈವರನಿಗೆ ಗೊತ್ತಿರಲಿಲ್ಲವಂತೆ, ತಪ್ಪಿ ಒಳಗೆ ತಿರುಗಿಸಿದನಂತೆ, ಊರು ನಂಬಿಕೊಂಡಿರುವುದು ಹೀಗೆ. ಗಂಡನೂ ಹಾಗೇ ನಂಬಿದ್ದಾನೆ. ಅವತ್ತು ಬೆಳಿಗ್ಗೆಯಿಂದ ಅವಳು ಕೈ ಜೋಡಿಸಿದ್ದೇ ಜೋಡಿಸಿದ್ದು. ಜನ ನಗುತ್ತಿದ್ದರು, ಆ ನಗುವಿನ ತುದಿ ಒಂದು ಥರ ಇತ್ತು. ಔಷಧಿ ಅಂಗಡಿಯವನು, "ಏಳನೇ ರ‍್ಯಾಂಕಿಗೂ ಮೆರವಣಿಗೆ ಉಂಟಾ?" ಎಂದು ಪಕ್ಕದವನಿಗೆ ಹೇಳಿದ್ದು ಕೇಳಿಸಿತ್ತು. ಮೈ ಉರಿದು ಹೋಗಿತ್ತು. ಈ ಮೂಲೆಗೆ ಬಂದಾಗ ಡ್ರೈವರು ನೆಟ್ಟಗೆ ಹೋಗುವವನಿದ್ದ. ಅವಳು ಬಗ್ಗಿ ಲಾರಿಯ ತಲೆಗೆ ಬಡಿದು, "ಒಳಗೆ ತಿರುಗ್ಸು," ಎಂದಿದ್ದಳು. ಪಟಾಕಿ ಹಚ್ಚಿದರು. ಕುನ್‌ಶಾನ್ ಬನಿಯನ್ನಿನಲ್ಲಿ ಮನೆ ಮುಂದೆ ಕಸ ಗುಡಿಸುತ್ತಿದ್ದ, ತನ್ನದೇ ಪಟಾಕಿಯ ಕೆಂಪು ಚೂರುಗಳನ್ನು. ಲಾರಿ ನೋಡಿ ಪೊರಕೆಯನ್ನು ಗೋಡೆಗೆ ಒರಗಿಸಿ, ಒಂದು ಕೈಯನ್ನು ಇನ್ನೊಂದರಲ್ಲಿ ಮುಚ್ಚಿ, ಸೊಂಟದವರೆಗೆ ಬಗ್ಗಿದ. ವ್ಯಂಗ್ಯವಿರಲಿಲ್ಲ, ಅದನ್ನು ಅವಳು ಆಮೇಲೆ ಎಷ್ಟೋ ಸಲ ಹುಡುಕಿ ನೋಡಿದ್ದಾಳೆ, ಇರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಅವಳು ಮೈಕು ಬಾಯಿಗೆ ಹಿಡಿದು ಎದುರು ಮನೆಯ ಮುದುಕಿಯ ಕಡೆಗೆ ತಿರುಗಿಕೊಂಡು, ಧನ್ಯವಾದ, ಧನ್ಯವಾದ ಎಂದಳು. ಅವನಿಗೆ ತಿರುಗಿ ಬಗ್ಗಲಿಲ್ಲ. ಈಗ ಹಿಂದಿನಿಂದ ಒಬ್ಬ ಹಾರ್ನ್ ಮಾಡಿ, "ಮೂಲೇಲಿ ಯಾಕ್ ನಿಲ್ಸಿದೀರಾ, ಜರುಗಿ!" ಎಂದು ಕೂಗಿದ ಮೇಲೆ ಅವಳು ಸ್ಕೂಟರು ಮುಂದೆ ಬಿಟ್ಟಳು.

ಚಪ್ಪರ ಗಲ್ಲಿಯ ಅಗಲಕ್ಕೂ ಕಟ್ಟಿತ್ತು. ಎರಡೂ ಪಕ್ಕ ನೆಂಟರು ಗೌರವಕ್ಕೆಂದು ಕಳಿಸಿದ ತಂಪು ಪಾನೀಯದ ಡಬ್ಬಿ ಪೇರಿಸಿ ಮಾಡಿದ ಗೋಪುರಗಳು, ನಡುವೆ ಹೂವಿನಲ್ಲಿ ಮುಳುಗಿದ ಕುನ್‌ಶಾನನ ಫೋಟೋ. ಚುನಾವಣೆಯ ಫೋಟೋವೇ, ಅಂಗಿಯ ಮೇಲಿನ ಪಟ್ಟಿಯನ್ನಷ್ಟೇ ಅಳಿಸಿದ್ದರು. ಮೇಲೆ ತಗಡಿನ ಕಂಬಿಯುದ್ದಕ್ಕೂ ದೊಡ್ಡವರು ಕಳಿಸಿದ ಬಟ್ಟೆ ಪಟಗಳು ತೂಗುತ್ತಿದ್ದವು. ಅವಳ ಕಣ್ಣು ಮೊದಲು ಹೋದದ್ದು ಅಲ್ಲಿಗೆ, ಸತ್ತವನ ಮುಖಕ್ಕಲ್ಲ. ಛೀ ಎನಿಸಿದರೂ ಕಣ್ಣು ಹುಡುಕುವುದನ್ನು ಬಿಡಲಿಲ್ಲ. ಜಿಲ್ಲೆಯವರದು ನಡುವೆ, ಪಟ್ಟಣದ ಅಧ್ಯಕ್ಷನದು ಪಕ್ಕಕ್ಕೆ, ಮೀನುಗಾರರ ಸಂಘ, ನೀರಾವರಿ ಸಂಘ, ನಾಲ್ವರು ಗಂಡು ಮೆಂಬರುಗಳು. ಅವಳದು ಇಲ್ಲ. ಸಹಿ ಮಾಡುವ ಮೇಜಿನ ಹತ್ತಿರ ನಿಂತು ಕತ್ತು ಹೊರಳಿಸಿದಾಗ ಕಂಡಿತು: ಅಡುಗೆಯವರು ಒಲೆ ಹೂಡಿದ್ದ ಜಾಗದಲ್ಲಿ, ಗಾಳಿ ಬಡಿಯದಿರಲೆಂದು ಮರೆಗೆ ಕಟ್ಟಿದ್ದರು. 'ಆದರ್ಶ ಉಳಿಯಿತು' ಎಂಬ ಅಕ್ಷರಗಳ ಮೇಲೆ ಎಣ್ಣೆ ಸಿಡಿದಿತ್ತು.

"ಬಂದ್ರಾ ಮೆಂಬರಮ್ಮ?" ಚಿಪ್ಪು ಬಿಡಿಸುವ ಅಬಿ ಚಿಕ್ಕಮ್ಮ ಪಕ್ಕದ ಪ್ಲಾಸ್ಟಿಕ್ ಸ್ಟೂಲಿನ ಮೇಲಿದ್ದಳು. "ಬರಲ್ಲ ಅಂದ್ಕೊಂಡಿದ್ವಿ. ಧೈರ್ಯ ಇದೆ ಬಿಡಿ ನಿಮ್ಗೆ."

"ಬರ್ದೇ ಇರಕ್ಕಾಗುತ್ತಾ ಚಿಕ್ಕಮ್ಮ, ಹಿರೀರು."

"ಹೌದೌದು, ಹಿರೀರು. ಕೂತ್ಕೊಳಿ. ಕೂರಕ್ಕಂತೂ ನಿಮ್ಗೆ ಎಲ್ಲೂ ಜಾಗ ಸಿಗುತ್ತಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳೂ ನಕ್ಕಳು, ನಗುವುದು ಈಗ ಮುಖಕ್ಕೇ ಅಭ್ಯಾಸ. ಮೈಕಿನ ಹೆಂಗಸು ಅಳುವ ರಾಗದಲ್ಲಿ ಒಬ್ಬೊಬ್ಬರನ್ನೇ ಕರೆಯುತ್ತಿದ್ದಳು. ಕರೆದವರು ಎದ್ದು ಹೋಗಿ ಫೋಟೋ ಮುಂದೆ ಊದುಬತ್ತಿ, ಹೂವು, ಹಣ್ಣು ಎತ್ತಿ ಹಿಡಿದು ಬಗ್ಗುವರು. ಪಕ್ಕದಲ್ಲಿ ಸೂತಕದ ಸೆಣಬಿನ ಬಟ್ಟೆ ತೊಟ್ಟ ಮನೆಯವರು ತಿರುಗಿ ಬಗ್ಗುವರು. "ಮನೆಯವರ ಮರುನಮಸ್ಕಾರ" ಎಂದು ಮೈಕು ಹೇಳುವುದು. ಚಿನ್‌ಚಿ ಸಾಲಿನ ತುದಿಯಲ್ಲಿದ್ದಳು, ಗಿಡ್ಡ ಹೆಂಗಸು, ಸೆಣಬಿನ ಟೋಪಿ ಹುಬ್ಬಿನವರೆಗೆ ಇಳಿದಿತ್ತು. ಪ್ರತಿಯೊಬ್ಬರಿಗೂ ಬಗ್ಗುತ್ತಿದ್ದಳು, ಸರಿಯಾಗಿ ಸೊಂಟದವರೆಗೆ, ಕಡಿಮೆಯಿಲ್ಲ ಹೆಚ್ಚಿಲ್ಲ. ಅಧ್ಯಕ್ಷನಾಯಿತು. ಸಂಘಗಳಾದವು. ನಾಲ್ವರು ಗಂಡು ಮೆಂಬರುಗಳನ್ನು ಒಟ್ಟಿಗೇ ಕರೆದಾಗ ಸುಲುವಾನ್ ಅರ್ಧ ಎದ್ದೇಬಿಟ್ಟಿದ್ದಳು. ಅವಳ ಹೆಸರು ಬರಲಿಲ್ಲ. ಎದ್ದದ್ದನ್ನು ಮುಚ್ಚಲು ಲಂಗ ಸರಿಮಾಡಿಕೊಂಡು ಮತ್ತೆ ಕೂತಳು. ಆಮೇಲೆ ಕುನ್‌ಶಾನ್ ಸೈನ್ಯದಲ್ಲಿದ್ದಾಗಿನ ಗೆಳೆಯರು, ಗ್ಯಾರೇಜಿನವರು, ಭಾನುವಾರ ಒಟ್ಟಿಗೆ ಹಾಡು ಹೇಳುವ ಕ್ಲಬ್ಬಿನವರು. ಹಾಡು ಹೇಳುವವರೂ ಆದರಲ್ಲಪ್ಪ!

ಅಹೋಕ್ ಹಿಂದಿನಿಂದ ಬಂದು ಕಿವಿಯ ಹತ್ತಿರ ಬಗ್ಗಿದ. "ಕರ್ಯಲ್ಲ ಅನ್ಸುತ್ತೆ. ಇನ್ನೊಂದು ಸಾವಿಗೆ ಹೊತ್ತಾಯ್ತು ಅಂತ ಎದ್ದುಬಿಡಿ, ಮರ್ಯಾದೆ ಉಳಿಯುತ್ತೆ."

"ಕೂತಿರ್ತೀನಿ."

"ಯಾಕ್ ಹಟ?"

ಅವಳಿಗೆ ಆ ಗಲ್ಲಿಯ ಓಟು ಬೇಕಿತ್ತು, ಅದು ಸುಳ್ಳಲ್ಲ. ಮಾವ ಎಣಿಸಿಕೊಟ್ಟ ಕುರ್ಚಿಯಲ್ಲಿ ಇನ್ನು ಕೂರಲಾರೆ, ಈ ಸಲ ಐದರೊಳಗೆ ಬರಬೇಕು, ನಾನು ಹೆಂಗಸೆಂದಲ್ಲ, ನಾನೆಂದು ಜನ ಹಾಕಬೇಕು ಎಂಬ ಆಸೆ ಅವಳಲ್ಲಿ ಹುಚ್ಚಿನಂತೆ ಬೆಳೆದಿತ್ತು. ಆದರೆ ಈಗ ಈ ಸ್ಟೂಲಿನ ಮೇಲೆ ಕೂತಾಗ ಅದರ ಅಡಿಯಲ್ಲಿ ಇನ್ನೊಂದು ಇತ್ತು, ನಾಚಿಕೆಗೇಡಿನದು: ಆ ಗಿಡ್ಡ ಹೆಂಗಸು ತನಗೆ ಒಂದು ಸಲ ತಲೆ ಬಾಗಿಸಬೇಕು. ಬಾಗಿಸಿದರೆ ಮನೆಗೆ ಹೋಗಿ ನಿದ್ದೆ ಮಾಡಬಹುದು. ಸಾಯುವ ಮೊದಲು ಆಸ್ಪತ್ರೆಗೇ ಹೋಗಿ ಕುನ್‌ಶಾನನ ಕೈ ಹಿಡಿದು, ಅಣ್ಣ, ಲಾರಿ ತಿರುಗಿಸಿದ್ದು ನಾನೇ, ಎನ್ನಬಹುದಿತ್ತು. ಅವಳು ಹಣ್ಣಿನ ಬುಟ್ಟಿ ಕಳಿಸಿದ್ದಳು. ಅದೂ ಮಾವ್‌ಲಿನ್ ಒಯ್ದದ್ದು, ಅವಳ ಪರವಾಗಿ.

ಮೈಕು ಗಂಟಲು ಸರಿಮಾಡಿಕೊಂಡಿತು. "ಮಹಿಳಾ ಮೀಸಲು ಸ್ಥಾನದ ಪ್ರತಿನಿಧಿ, ಯೆನ್ ಸುಲುವಾನ್ ಅವರು."

ಚಪ್ಪರದ ತಲೆಗಳೆಲ್ಲ ಅವಳ ಕಡೆ ತಿರುಗಿದವು. ಯಾರನ್ನೂ ಹೀಗೆ ಕರೆಯುವುದಿಲ್ಲ. ಮೆಂಬರು ಎಂದರೆ ಮೆಂಬರು. ಚೀಟಿಯಲ್ಲಿ ಹೀಗೆ ಬರೆದು ಕೊಟ್ಟವರು ಯಾರೆಂದು ಕೇಳಬೇಕಾಗಿಯೇ ಇರಲಿಲ್ಲ. ಅವಳು ಎದ್ದಳು. ಫೋಟೋ ಮುಂದೆ ಹೋಗಿ ನಿಂತಳು. ಊದುಬತ್ತಿ ಎತ್ತಿ ಹಿಡಿದಳು, ಹೂವು, ಹಣ್ಣು. ಫೋಟೋದ ಕುನ್‌ಶಾನ್ ನಗುತ್ತಿದ್ದ, ದಯವಿಟ್ಟು ಬೆಂಬಲಿಸಿ ಎನ್ನುವ ನಗು. ಅವಳು ಬಗ್ಗಿದಳು. ಸೊಂಟಕ್ಕಿಂತ ಕೆಳಗೆ ಬಗ್ಗಿ, ಕುತ್ತಿಗೆಯ ಗುಂಡಿ ಗಂಟಲಿಗೆ ಒತ್ತಿ, ಎಷ್ಟು ಹೊತ್ತು ಹಾಗೇ ಇದ್ದಳೋ, ಮೈಕಿನವಳು ಕೆಮ್ಮಿದಳು. ಎದ್ದು ಮನೆಯವರ ಕಡೆ ತಿರುಗಿದಳು. ಮಗ ಬಗ್ಗಿದ. ಸೊಸೆ ಬಗ್ಗಿದಳು. "ಮನೆಯವರ ಮರುನಮಸ್ಕಾರ," ಎಂದಿತು ಮೈಕು. ಚಿನ್‌ಚಿ ಬಗ್ಗಲಿಲ್ಲ. ಟೋಪಿಯ ಅಂಚಿನ ಕೆಳಗಿಂದ ಅವಳನ್ನೇ ನೋಡುತ್ತಿದ್ದಳು, ಮೀನು ತಾಜಾ ಇದೆಯೋ ಇಲ್ಲವೋ ಎಂದು ನೋಡುವ ಹಾಗೆ.

ಮುಗಿಯಿತು, ಎಂದುಕೊಂಡಳು ಸುಲುವಾನ್. ಹಿಂದೆ ಅಷ್ಟೂ ಜನ ಉಸಿರು ಬಿಟ್ಟದ್ದು ಬೆನ್ನಿಗೆ ತಾಗಿತು. ತಿರುಗಿ ನಡೆಯಬೇಕು, ಅಷ್ಟೇ, ಸ್ಕೂಟರಿನವರೆಗೆ. ಒಂದು ಹೆಜ್ಜೆ ತೆಗೆಯುವಷ್ಟರಲ್ಲಿ ಸೆಣಬು ಸರಸರ ಎಂದಿತು. ಚಿನ್‌ಚಿ ಸಾಲು ಬಿಟ್ಟು ಮುಂದೆ ಬಂದು, ನೆಲಕ್ಕೆ ಕೈಯೂರಿ, ಮೊದಲು ಒಂದು ಮಂಡಿ ಆಮೇಲೆ ಇನ್ನೊಂದು ಮಂಡಿ ಊರಿ, ಚಪ್ಪರದ ನೆಲಹಾಸಿನ ಮೇಲೆ ಹಣೆ ಇಟ್ಟಳು.

"ಅಯ್ಯೋ!" ಎಂದವಳು ಅಬಿ ಚಿಕ್ಕಮ್ಮ.

ಹಿರಿಯರು ಮಂಡಿಯೂರಿದರೆ ಕಿರಿಯರ ಆಯುಷ್ಯ ಕರಗುತ್ತದೆ. ನಿಂತು ನೋಡಬಾರದು, ತಾನೂ ಕುಸಿಯಬೇಕು. ಯೋಚಿಸುವ ಮೊದಲೇ ಸುಲುವಾನ್ ಎರಡೂ ಮಂಡಿಯ ಮೇಲಿದ್ದಳು. "ಅತ್ತಿಗೆ, ಬೇಡ ಅತ್ತಿಗೆ, ಏಳಿ," ಎನ್ನುವಾಗ ಕಣ್ಣೀರು ಸುರಿಯತೊಡಗಿತು, ನಾಲ್ಕು ವರ್ಷದ ಗಂಟು ಒಂದೇ ಸಲಕ್ಕೆ ಬಿಚ್ಚಿದಂತಾಯಿತು. ಎಷ್ಟು ಹಗುರಾಯಿತೆಂದರೆ, ಲಾರಿಯ ಮಾತನ್ನು ಈಗಲೇ ಇಲ್ಲೇ ಹೇಳಿಬಿಡೋಣ ಎಂದು ಬಾಯಿ ತೆರೆದಳು. ಚಿನ್‌ಚಿ ಅಷ್ಟರಲ್ಲಿ ಹಣೆ ಎತ್ತಿದ್ದಳು. ಆದರೆ ಏಳಲಿಲ್ಲ. ಮಂಡಿಯ ಮೇಲೇ ಸ್ವಲ್ಪ ಹೊರಳಿ, ಚಪ್ಪರದ ಜನಕ್ಕೆ ಮುಖ ಮಾಡಿ, ಇನ್ನೊಮ್ಮೆ ಹಣೆ ನೆಲಕ್ಕಿಟ್ಟಳು. ಹೀಗೆ ನೆಲಕ್ಕೆ ಬೀಳುವುದನ್ನು ಸುಲುವಾನ್ ಬಲ್ಲಳು. ಓಟಿನ ಹಿಂದಿನ ಎರಡು ದಿನ ಸಂತೆಬಾಗಿಲಲ್ಲಿ ಅವಳೂ ಓಟು ಬೇಡುತ್ತ ಬಿದ್ದಿದ್ದಳು.

"ನಮ್ಮೆಜಮಾನ್ರು ನಿಮ್ಮೆಲ್ರ ಸೇವೆ ಮಾಡಿದ್ರು," ಎಂದಳು ಚಿನ್‌ಚಿ. ಮೈಕು ಬೇಕಾಗಿರಲಿಲ್ಲ, ಮಾರ್ಕೆಟ್ಟಿನಲ್ಲಿ ಮೀನು ಕೂಗಿದ ಗಂಟಲು. "ಅರ್ಧಕ್ಕೇ ಕಿತ್ಕೊಂಡ್ರು. ಮುಂದಿನ ವಾರ ನಾನು ನಾಮಪತ್ರ ಹಾಕ್ತಿದೀನಿ. ಓದು ಬರಾ ಬರಲ್ಲ, ಸಭೇಲಿ ಮಾತಾಡಕ್ಕೂ ಬರಲ್ಲ, ಕಲೀತೀನಿ. ಹೆಂಗಸ್ರಿಗೆ ಒಂದು ಜಾಗ ಇಟ್ಟಿದಾರಂತಲ್ಲ. ನಿಂತ್ರೆ ಸಾಕಂತಲ್ಲ! ಗಂಡನ್ನ ಕಳ್ಕೊಂಡ ಈ ಹೆಂಗಸಿಗೆ ನೀವೇ ದಿಕ್ಕು."

ಮೊದಲು ಒಬ್ಬಳು ಬಿಕ್ಕಿದಳು, ಆಮೇಲೆ ಸಾಲು ಸಾಲೇ. ಗ್ಯಾರೇಜಿನವನೊಬ್ಬ, "ಗೆಲ್ತೀರಿ ಅತ್ತಿಗೆ!" ಎಂದು ಕೂಗಿದ, ಸಾವಿನ ಚಪ್ಪರವೆಂದು ಮರೆತು ಹಿಂದೆ ಯಾರೋ ಚಪ್ಪಾಳೆ ಹೊಡೆದರು, ಅಧ್ಯಕ್ಷನೂ ಕಣ್ಣೊರೆಸಿಕೊಂಡ. ಫೋನುಗಳು ಮೇಲೆದ್ದವು. ಅವುಗಳಲ್ಲಿ ಏನು ಕಾಣುತ್ತಿರಬಹುದೆಂದು ಸುಲುವಾನಳಿಗೆ ಥಟ್ಟನೆ ಹೊಳೆಯಿತು: ಜನಕ್ಕೆ ಮುಖ ಮಾಡಿದ ಹೊಸ ಅಭ್ಯರ್ಥಿ, ಅವಳ ಹಿಂದೆ ಮಂಡಿಯೂರಿ ಗೋಳಾಡುತ್ತಿರುವ ಹಳೆಯ ಮೆಂಬರು. ಕೇಳಿದ್ದು ಸಿಕ್ಕಿತ್ತು, ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಸಿಟ್ಟು ಬಂತು, ಎಂಥ ಸಿಟ್ಟೆಂದರೆ ಹಲ್ಲು ಜುಮ್ಮೆಂದವು. ಮಜಾ ಎಂದರೆ ಆ ಹಗುರವೂ ಹಾಗೇ ಉಳಿದಿತ್ತು, ಸಿಟ್ಟಿಗೆ ಜಾಗ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿದು ಕೂತಿತ್ತು.

ಮಗ ಬಂದು ತಾಯಿಯನ್ನು ಎಬ್ಬಿಸಿದ. ಎದ್ದ ಚಿನ್‌ಚಿ ಎರಡೂ ಕೈ ಚಾಚಿ, ಓಟು ಕೇಳುವವರ ಹಾಗೆ ಒಬ್ಬೊಬ್ಬರ ಕೈ ಹಿಡಿಯಲು ಹೊರಟು, ಅತಿ ಹತ್ತಿರವಿದ್ದ ಸುಲುವಾನಳಿಂದಲೇ ಶುರು ಮಾಡಿದಳು. ಅವಳ ಅಂಗೈ ಚಿಪ್ಪಿನಂತೆ ಒರಟಾಗಿತ್ತು, ಹಿಡಿತ ಬಿಗಿ. "ಏಳು ಸುಲುವಾನ್, ಮಂಡಿ ನೋಯುತ್ತೆ," ಎಂದಳು ಮೆಲ್ಲಗೆ, ಅವಳಿಗೊಬ್ಬಳಿಗೇ ಕೇಳುವಂತೆ. "ನಿನ್ ಓಟೂ ಇದೇ ಭಾಗದಲ್ಲಿ ಅಲ್ವಾ. ನಂಗೇ ಹಾಕ್ತೀಯಾ?"

"ಹಾಕ್ತೀನಿ ಅತ್ತಿಗೆ," ಎಂದಳು ಸುಲುವಾನ್, ಆ ಕೈ ಹಿಡಿದೇ ಎದ್ದು ನಿಂತು. ಹೇಳಿಯಾದ ಮೇಲೆ ಅದು ಸುಳ್ಳಲ್ಲವೆಂದು ಅವಳಿಗೇ ಗೊತ್ತಾಗಿ ಗಾಬರಿಯಾಯಿತು. "ಆದ್ರೆ ನಾನೂ ನಿಲ್ತೀನಿ."

ಚಿನ್‌ಚಿಯ ಕೈ ಸಡಿಲಾಗಲಿಲ್ಲ. ಟೋಪಿಯ ಕೆಳಗಿಂದ ಮತ್ತೆ ಅದೇ ನೋಟ, ಈ ಸಲ ಸ್ವಲ್ಪ ಕುತೂಹಲ ಬೆರೆತದ್ದು.

"ನಿನ್ ಓಟೂ ನಂಗೇ ಅಂದ್ಮೇಲೆ," ಎಂದಳು, "ನಿಂಗ್ಯಾರೇ ಹಾಕ್ತಾರೆ?"

ಕುಹಕವಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. ಸುಲುವಾನ್ ಉತ್ತರ ಕೊಡಲೆಂದು ಮನಸ್ಸಿನಲ್ಲೇ ಒಂದು ಹೆಸರು ಹುಡುಕಿದಳು. ಚಪ್ಪರದ ಮುಖಗಳನ್ನು ದಾಟಿ, ವ್ಯಾನಿನಲ್ಲಿ ಹೋಗುವ ಮುದುಕರನ್ನು ದಾಟಿ, ತಿಂಡಿಯಂಗಡಿಯ ಹಳೇ ಗಿರಾಕಿಗಳನ್ನು ದಾಟಿ, ಕೊನೆಗೆ ಮನೆಗೇ ಬಂದು, ಬೆಳಿಗ್ಗೆ ಬ್ರಶ್ಶು ಬಾಯಲ್ಲಿಟ್ಟು ಬಚ್ಚಲ ಬಾಗಿಲಲ್ಲಿ ನಿಂತಿದ್ದ ಮಾವ್‌ಲಿನ್‌ನ ಮುಖವನ್ನು ನೋಡಿದಳು. ಅವನು ಹಾಕುತ್ತಾನೆಯೇ ಎಂದು ಯೋಚಿಸುತ್ತ ಅವಳು ನಿಂತೇ ಇದ್ದಳು. ಚಿನ್‌ಚಿ ಅವಳ ಕೈ ಬಿಟ್ಟು ಪಕ್ಕದವರ ಕೈ ಹಿಡಿದಳು.